ಷಟ್ಪದಿಯೂ ಚಲಿಸುವ ಚಿತ್ರವೂ

ನನ್ನ ಗುರುಗಳು ಸ್ನಾತಕೋತ್ತರ ತರಗತಿಗಳಲ್ಲಿ ಮಾಡಿದ ಛಂದಸ್ಸಿನ ಪಾಠಗಳ ಟಿಪ್ಪಣಿಗಳನ್ನು ಅವರ ನಿಧನಾನಂತರ ಸಂಪಾದಿಸಿ ಪ್ರಕಟಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಮುದ್ರಣದ ವೆಚ್ಚವನ್ನು ಗುರುಪತ್ನಿಯವರು ತಮ್ಮ ಕುಟುಂಬ ಪಿಂಚಣಿಯ ಉಳಿತಾಯದಿಂದ ಭರಿಸಿದರು. ಅಚ್ಚಾದದ್ದು 500 ಪ್ರತಿ. ಬಿಡುಗಡೆಯ ದಿನ ಸಭೆಯಲ್ಲಿದ್ದವರು ಕೊಂಡದ್ದು, ಗೌರವ ಪ್ರತಿಗಳಾಗಿ ಹಂಚಿದ್ದು ಎಲ್ಲ ಸೇರಿ ನೂರರ ಒಳಗೆ. ಉಳಿದ ಕಟ್ಟುಗಳು ಅವರ ಮನೆಯ ನಡುಮನೆಯಲ್ಲಿ ಗೋಡೆಗೊರಗಿ ನಿಂತವು. ಹೋದಾಗಲೆಲ್ಲ ಅವರು ಕಾಫಿಯ ಲೋಟ ಕೈಗಿಡುತ್ತ, “ಎಷ್ಟು ಹೋದವಪ್ಪ?” ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಆಕ್ಷೇಪಣೆ ಇರಲಿಲ್ಲ. ಅದರಿಂದಲೇ ಉತ್ತರ ಹೇಳುವುದು ನನಗೆ ಕಷ್ಟವಾಗುತ್ತಿತ್ತು.

ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಮನೆಮನೆಗೆ ಹೋಗಿ ಮಾರಿದ ಸಂಗತಿಯನ್ನು ನಾವು ತರಗತಿಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಹೇಳುವ ನಾವು ಯಾರೂ ಹೊತ್ತವರಲ್ಲ. ವಿದ್ವತ್ ಗ್ರಂಥಕ್ಕೆ ಪ್ರಚಾರ ಮಾಡುವುದು ಹಗುರತನವೆಂಬ ಭಾವನೆ ಅಧ್ಯಾಪಕ ವರ್ಗದಲ್ಲಿ ಬಲವಾಗಿದೆ; ನನ್ನಲ್ಲಿಯೂ ಇತ್ತು. ಆದುದರಿಂದ ನನ್ನ ಸಂಶೋಧನ ವಿದ್ಯಾರ್ಥಿಯೊಬ್ಬ, “ಸಾರ್, ಪುಸ್ತಕಕ್ಕೊಂದು ಗಿಫ್ ಮಾಡಿ ಅಂತರ್ಜಾಲದಲ್ಲಿ ಹಾಕೋಣ” ಎಂದಾಗ ನಾನು ಮೊದಲು ನಕ್ಕುಬಿಟ್ಟೆ.

ಗಿಫ್ ಎಂಬುದು ಬಹು ಸರಳವಾದ ಚಿತ್ರರೂಪ. ಅಮೆರಿಕದ ಕಂಪ್ಯೂಸರ್ವ್ ಸಂಸ್ಥೆಯಲ್ಲಿ ಸ್ಟೀವ್ ವಿಲ್‌ಹೈಟ್ ಅವರ ತಂಡ 1987ರಲ್ಲಿ ಇದನ್ನು ರೂಪಿಸಿತು. ಒಂದೇ ಕಡತದಲ್ಲಿ ಹಲವು ಚಿತ್ರಗಳನ್ನು ಒಂದರ ಹಿಂದೊಂದು ಇರಿಸಬಹುದು, ಒಂದು ಚಿತ್ರದಲ್ಲಿ ಹೆಚ್ಚೆಂದರೆ 256 ಬಣ್ಣ, ಧ್ವನಿಯಿಲ್ಲ. 1989ರ ಪರಿಷ್ಕರಣದಲ್ಲಿ ಪ್ರತಿಯೊಂದು ಚಿತ್ರವೂ ಎಷ್ಟು ಹೊತ್ತು ತೆರೆಯ ಮೇಲೆ ನಿಲ್ಲಬೇಕೆಂದು ಸೂಚಿಸುವ ಸೌಲಭ್ಯ ಸೇರಿತು. ಮುಗಿದದ್ದು ಮತ್ತೆ ಮೊದಲಿನಿಂದ ಓಡುವ ಆವರ್ತನೆಯನ್ನು 1995ರಲ್ಲಿ ನೆಟ್‌ಸ್ಕೇಪ್ ಜಾಲದರ್ಶಕ ತಂದಿತು. ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಲದ ಸಂಗತಿ. ಗಿಫ್ ಕಾಲವನ್ನು ಸೆಕೆಂಡಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸುತ್ತಿದ್ದ ಗುರುಗಳು ನೆನಪಾದರು. ಮಾತ್ರೆಯೂ ಕಾಲದ ಅಳತೆಯೇ ತಾನೆ? ಮುಖಪುಟವನ್ನು ಮಿನುಗಿಸುವ ಬದಲು ಪುಸ್ತಕದ ವಿಷಯವನ್ನೇ ಚಲಿಸುವಂತೆ ಮಾಡಬಹುದೆಂಬ ಯೋಚನೆ ಹೊಳೆದ ಮೇಲೆ ನನ್ನ ನಗೆ ನಿಂತಿತು.

ಕಾವ್ಯದ ಸಾಲಿನ ಬದಲು ಪ್ರಯೋಗಕ್ಕೆಂದು ಭಾಮಿನಿಯ ಗತಿಯಲ್ಲಿ ನಾನೇ ಒಂದು ಪಾದವನ್ನು ಹೊಂದಿಸಿಕೊಂಡೆ: ‘ಹಳೆಯ ಪುಸ್ತಕ ತೆರೆದ ಬಾಗಿಲು’. ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14 ಮಾತ್ರೆ. ಕವಿತ್ವವೇನೂ ಇಲ್ಲದಿದ್ದರೂ ಲೆಕ್ಕ ಸರಿಯಿತ್ತು.

ಮೊದಲ ತೊಡಕು ಲಿಪಿಯದು. ಪುಸ್ತಕದ ಪುಟವಿನ್ಯಾಸ ಹಳೆಯ ಪದ್ಧತಿಯ ಅಕ್ಷರವಿನ್ಯಾಸದಲ್ಲಿ ಆಗಿತ್ತು. ಅಲ್ಲಿಂದ ಶೀರ್ಷಿಕೆಯನ್ನು ಎತ್ತಿ ತಂದರೆ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿದ ಗೊಜ್ಜು ಕಾಣಿಸಿತು. ಎಲ್ಲವನ್ನೂ ಯೂನಿಕೋಡ್‌ನಲ್ಲಿ ಮತ್ತೆ ಕೀಲಿಸಿದೆವು. ಆಮೇಲೆ ವಿದ್ಯಾರ್ಥಿ, ಅಕ್ಷರಗಳು ತಾವಾಗಿಯೇ ಒಂದೊಂದಾಗಿ ಮೂಡುವ ಸಿದ್ಧ ತಂತ್ರವೊಂದನ್ನು ಬಳಸಿದ. ತೆರೆಯ ಮೇಲೆ ‘ಪುಸ’ ಎಂದು ಬಂದಿತು, ‘ಪುಸ್’ ಎಂದಾಯಿತು, ಬಳಿಕ ‘ಪುಸ್ತ’ ಆಯಿತು. ಗಣಕದ ಎಣಿಕೆಯಲ್ಲಿ ‘ಸ್ತ’ ಒಂದು ಅಕ್ಷರವಲ್ಲ, ಮೂರು ಸಂಕೇತಗಳು. ‘ಸ್ತ್ರೀ’ ಎಂಬುದಂತೂ ಆರು. ವ್ಯಾಕರಣದ ವರ್ಣವೂ ಅಲ್ಲದ, ಛಂದಸ್ಸಿನ ಅಕ್ಷರವೂ ಅಲ್ಲದ ಈ ಮೂರನೆಯ ಘಟಕವನ್ನು ಕಣ್ಣಾರೆ ಕಂಡದ್ದು ನನಗೆ ಅಂದೇ. ಆ ತಂತ್ರವನ್ನು ಕೈಬಿಟ್ಟು, ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಪದರವನ್ನು ಕೈಯಿಂದಲೇ ರಚಿಸಿದೆವು. ಅಲ್ಲಿ ಎಲ್ಲಕ್ಕಿಂತ ಕೆಳಗಿನ ಪದರ ಮೊದಲು ಕಾಣುತ್ತದೆ. ಓಲೆಗರಿಯ ಕಟ್ಟನ್ನು ಕೊನೆಯಿಂದ ಬಿಚ್ಚಿದಂತೆ ಇದು. ರೂಢಿಯಾಗಲು ಒಂದು ಸಂಜೆ ಹಿಡಿಯಿತು.

ಹನ್ನೆರಡು ಅಕ್ಷರ, ಹನ್ನೆರಡು ಪದರ, ಪ್ರತಿಯೊಂದಕ್ಕೂ ಸೆಕೆಂಡಿನ ನೂರರಲ್ಲಿ ಇಪ್ಪತ್ತು ಭಾಗ. ಓಡಿಸಿ ನೋಡಿದಾಗ ಅದು ಭಾಮಿನಿಯಾಗಿರಲಿಲ್ಲ. ಎಲ್ಲ ಅಕ್ಷರಗಳಿಗೂ ಸಮಕಾಲ ಕೊಟ್ಟದ್ದರಿಂದ ‘ಪುಸ್ತಕ’ವೂ ‘ಬಾಗಿಲು’ವೂ ಮೂರು ಮೂರು ಮಾತ್ರೆಗೆ ಕುಗ್ಗಿ, ಪಾದವು ಮೂರರ ನಾಲ್ಕು ಗಣಗಳಾಗಿ ಓಡುತ್ತಿತ್ತು. ಅಂದರೆ ನಾವು ಅರಿಯದೆಯೇ ಭಾಮಿನಿಯನ್ನು ಭೋಗ ಷಟ್ಪದಿಯಾಗಿ ಮಾರ್ಪಡಿಸಿದ್ದೆವು! ಷಟ್ಪದಿಗಳ ಪರಸ್ಪರ ಸಂಬಂಧವನ್ನು ಕುರಿತು ಗುರುಗಳು ಒಂದು ಇಡೀ ಅಧ್ಯಾಯ ಬರೆದಿದ್ದಾರೆ. ಅದನ್ನು ಮೂರು ಸಲ ಕರಡು ತಿದ್ದಿದ್ದ ನನಗೆ ಆ ಅಧ್ಯಾಯ ನಿಜವಾಗಿ ಅರ್ಥವಾದದ್ದು ಈ ತಪ್ಪಿನಿಂದ.

ತಿದ್ದುವಾಗಲೂ ಎಡವಿದೆ. ‘ಬಾ’ ದೀರ್ಘವಾದ್ದರಿಂದ ಅದಕ್ಕೆ ಇಮ್ಮಡಿ ಕಾಲವನ್ನು ಕೂಡಲೇ ಕೊಟ್ಟೆ. ‘ಪು’ ಮಾತ್ರ ಕಣ್ಣಿಗೆ ಹ್ರಸ್ವವಾಗಿ ಕಂಡು ತಪ್ಪಿಸಿಕೊಂಡಿತು. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಚಿತ್ರದಲ್ಲಿ ‘ಪು’ ಮೂಡುವ ಗಳಿಗೆಯಲ್ಲಿ ‘ಸ್ತ’ ಇನ್ನೂ ಬಂದಿರುವುದಿಲ್ಲ; ಬರಲಿರುವುದರ ಭಾರವನ್ನು ಅದು ಮುಂಚಿತವಾಗಿಯೇ ಹೊರಬೇಕು. ಅಚ್ಚಿನ ಪುಟದಲ್ಲಿ ಇಡೀ ಪಾದ ಒಮ್ಮೆಗೇ ಕಾಣುವುದರಿಂದ ಈ ಸೂಕ್ಷ್ಮ ನಮ್ಮ ಗಮನಕ್ಕೆ ಬರುವುದಿಲ್ಲ. ಇದನ್ನು ನಾನು ಈಗ ತರಗತಿಯಲ್ಲಿ ಹೇಳುತ್ತೇನೆ.

ಅಂತಿಮ ಚಿತ್ರದಲ್ಲಿ ಪದಗಳನ್ನೇ ತೆಗೆದು, ಲಘುವಿನ ಬಾಗಿದ ಗೆರೆ ಮತ್ತು ಗುರುವಿನ ಅಡ್ಡಗೆರೆಗಳನ್ನು ಮಾತ್ರ ಉಳಿಸಿಕೊಂಡೆವು. ಪೂರ್ಣ ಭಾಮಿನಿಗೆ 102 ಮಾತ್ರೆ. ಲಘುವಿಗೆ ಇಪ್ಪತ್ತು ಭಾಗವೆಂದರೆ 20 ಸೆಕೆಂಡಿಗೂ ಮಿಗಿಲು. ಅಷ್ಟು ಹೊತ್ತು ಯಾರೂ ನೋಡುವುದಿಲ್ಲವೆಂದು ವಿದ್ಯಾರ್ಥಿ ಖಂಡಿತವಾಗಿ ಹೇಳಿದ. ಹಾಗಾದರೆ ಅರ್ಧವೇ ಸಾಕು: 14, 14, 23, ಒಟ್ಟು 51 ಮಾತ್ರೆ, 10.2 ಸೆಕೆಂಡು. ಷಟ್ಪದಿಯ ಉತ್ತರಾರ್ಧವು ಪೂರ್ವಾರ್ಧದ ಪಡಿಯಚ್ಚೇ ಆಗಿರುವುದರಿಂದ ಚಿತ್ರ ಎರಡನೆಯ ಸಲ ತಿರುಗಿದಾಗ ಪದ್ಯ ತಾನಾಗಿಯೇ ಪೂರ್ಣವಾಗುತ್ತದೆ. ಇಲ್ಲಿ ನಮ್ಮಿಬ್ಬರಿಗೂ ಸಣ್ಣ ಜಗಳವಾಯಿತು. ಕೊನೆಯಲ್ಲಿ ಮುಖಪುಟವನ್ನು ಮೂರು ಸೆಕೆಂಡು ನಿಲ್ಲಿಸಬೇಕು, ಇಲ್ಲದಿದ್ದರೆ ಇದು ಪುಸ್ತಕದ ಪ್ರಚಾರ ಹೇಗಾದೀತು ಎಂಬುದು ಅವನ ವಾದ. ನಿಲ್ಲಿಸಿದರೆ ಎರಡು ಅರ್ಧಗಳ ನಡುವೆ ಗತಿ ಕಡಿಯುತ್ತದೆ ಎಂಬುದು ನನ್ನದು. ಮುಖಪುಟವನ್ನು ಚಿಕ್ಕದಾಗಿಸಿ ಮೂಲೆಯಲ್ಲಿ ಸದಾ ಕಾಣುವಂತೆ ಇರಿಸಿ ರಾಜಿಯಾದೆವು. ಮತ್ತೊಂದು ಸಂಗತಿ. ಒಂದು ಮೂರು ಮಾತ್ರೆಯ ಗಣದಲ್ಲಿ ಕೈತಪ್ಪಿ ಲಘುವಿನ ಮೇಲೆ ಗುರು ಬಂದಿತ್ತು. ಚಿತ್ರ ಅಲ್ಲಿ ಮುಗ್ಗರಿಸಿದ್ದು ಛಂದಸ್ಸೇ ತಿಳಿಯದ ಅವನ ಗೆಳೆಯನಿಗೂ ಕಾಣಿಸಿತು. ನಿಷೇಧದ ಕಾರಣವನ್ನು ಇಷ್ಟು ಸುಲಭವಾಗಿ ನಾನು ಎಂದೂ ವಿವರಿಸಲಾರೆ.

ಗಮಕಿಗಳಾದ ಮಿತ್ರರೊಬ್ಬರು ನೋಡಿ, “ಇದು ಪದ್ಯವನ್ನು ಓದುವುದಿಲ್ಲ, ಎಣಿಸುತ್ತದೆ” ಎಂದರು. ಆ ಮಾತನ್ನು ನಾನು ಒಪ್ಪುತ್ತೇನೆ. ವಾಚನದಲ್ಲಿ ಗುರು ಯಾವಾಗಲೂ ಲಘುವಿನ ಸರಿಯಾದ ಇಮ್ಮಡಿಯಲ್ಲ. ಪಾದಾಂತ್ಯದ ಗುರು ರಾಗದ ಎಳೆತಕ್ಕೆ ತಕ್ಕಂತೆ ಎಷ್ಟಾದರೂ ನೀಳವಾಗಬಹುದು. ಆದರೂ ಈ ಮೂಕ ಚಿತ್ರದ ಮುಂದೆ ಕುಳಿತವರ ಬೆರಳುಗಳು ಅಲುಗಾಡುವುದನ್ನು ಕಂಡಿದ್ದೇನೆ.

ಚಿತ್ರ ಬಹಳ ಕೈಗಳಿಗೆ ಹೋಯಿತು. ಪುಸ್ತಕ ಅಷ್ಟು ಹೋಗಲಿಲ್ಲ. ಮೂರು ತಿಂಗಳಲ್ಲಿ 21 ಪ್ರತಿಗಳಿಗೆ ಬೇಡಿಕೆ ಬಂದಿತು. ಯಾರೋ ಮೂಲೆಯ ಮುಖಪುಟವನ್ನು ಕತ್ತರಿಸಿ ಹಂಚಿದ್ದೂ ಉಂಟು. ಪ್ರೌಢಶಾಲೆಯ ಅಧ್ಯಾಪಕರೊಬ್ಬರು ಪುಸ್ತಕ ಕೇಳದೆ, ವಾರ್ಧಕಕ್ಕೂ ಇಂಥದೊಂದು ಮಾಡಿಕೊಡಿ, ಮಕ್ಕಳು ಇದನ್ನು ನೋಡಿ ಪ್ರಸ್ತಾರ ಹಾಕುತ್ತಿದ್ದಾರೆ ಎಂದು ಬರೆದರು. ಮೊದಲಿಗೆ ಸಿಟ್ಟು ಬಂದಿತು. ಪತ್ರವನ್ನು ಎರಡನೆಯ ಸಲ ಓದಿದಾಗ ಅದು ಗುರುಗಳಿಗೆ ಬಂದ ಪತ್ರವೆನಿಸಿತು.

ಅದನ್ನು ತೆಗೆದುಕೊಂಡು ಗುರುಪತ್ನಿಯವರಲ್ಲಿಗೆ ಹೋದೆ. ಎಷ್ಟು ಹೋದವೆಂದು ಕೇಳಿದರು, 21 ಎಂದೆ. ಮೊಬೈಲಿನಲ್ಲಿ ಚಿತ್ರವನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಅವರ ಬಲಗೈ ಪಕ್ಕದ ಪುಸ್ತಕದ ಕಟ್ಟಿನ ಮೇಲಿತ್ತು. ಚಿತ್ರ ಎರಡನೆಯ ಸಲ ತಿರುಗುವಷ್ಟರಲ್ಲಿ ಬೆರಳು ತಟ್ಟತೊಡಗಿತು. ಮೂರನೆಯ ಸಲಕ್ಕೆ ನಿಲ್ಲಿಸಿಬಿಟ್ಟರು.

“ಇದು ಅವಸರ ಆಯಿತು ಕಣಪ್ಪ. ಅವರು ಇಷ್ಟು ಬೇಗ ಹೇಳುತ್ತಿರಲಿಲ್ಲ” ಎಂದರು.

ಮನೆಗೆ ಬಂದು ಲಘುವಿನ ಕಾಲವನ್ನು ಇಪ್ಪತ್ತರಿಂದ ಇಪ್ಪತ್ತೈದು ಭಾಗಕ್ಕೆ ಏರಿಸಿದೆ. ಭಾಮಿನಿಯ ಅರ್ಧಕ್ಕೆ ಈಗ 12.75 ಸೆಕೆಂಡು ಹಿಡಿಯುತ್ತದೆ. ಅದೇ ಲೆಕ್ಕದಲ್ಲಿ ವಾರ್ಧಕದ ಅರ್ಧಕ್ಕೆ, ಅದರ 72 ಮಾತ್ರೆಗಳಿಗೆ, 18 ಸೆಕೆಂಡು ಬೇಕು. ವಿದ್ಯಾರ್ಥಿ ಅದು ಬಹಳ ಉದ್ದವಾಯಿತು ಎನ್ನುತ್ತಾನೆ.