ಕಲ್ಲಿನ ದ್ವೀಪದಲ್ಲಿ ಅಪ್ಪನೊಂದಿಗೆ

ಪುಲಾವ್ ಉಬಿನ್ ಎಂಬ ಹೆಸರನ್ನು ಕೇಳಿದೊಡನೆ ಅಪ್ಪ, ಅಲ್ಲಿ ಊಟ ಚೆನ್ನಾಗಿರುತ್ತದೆಯೇ ಎಂದು ವಿಚಾರಿಸಿದರು. ಮಲಯ ಭಾಷೆಯಲ್ಲಿ ಪುಲಾವ್ ಎಂದರೆ ದ್ವೀಪ, ಉಬಿನ್ ಎಂದರೆ ನೆಲಕ್ಕೆ ಹಾಸುವ ಬಿಲ್ಲೆ. ಗ್ರಾನೈಟ್ ಕಲ್ಲಿನಿಂದಲೇ ಹೆಸರು ಪಡೆದ ಈ ದ್ವೀಪವು ಸಿಂಗಪುರದ ಈಶಾನ್ಯಕ್ಕಿದೆ. ವಿಸ್ತೀರ್ಣ ಸುಮಾರು 10 ಚದರ ಕಿಲೋಮೀಟರ್. 2018ರಲ್ಲಿ ತಮ್ಮನ ಮನೆಗೆಂದು ಸಿಂಗಪುರಕ್ಕೆ ಹೋಗಿದ್ದಾಗ ನಾನು ಅಲ್ಲಿಗೆ ಹೋಗಬಯಸಿದ್ದು ಮಂಗಟ್ಟೆ ಹಕ್ಕಿಗಳಿಗಾಗಿ. ಕಲ್ಲಿನ ವಿಷಯ ನನ್ನ ಮನಸ್ಸಿನಲ್ಲಿರಲಿಲ್ಲ. ಇರಬೇಕಾಗಿತ್ತು, ಏಕೆಂದರೆ ಅಪ್ಪ ಮೂವತ್ತೊಂದು ವರ್ಷ ಕಲ್ಲು ಒಡೆದವರು.

ಚಾಂಗಿಯ ದೋಣಿಕಟ್ಟೆಯಲ್ಲಿ ವೇಳಾಪಟ್ಟಿ ಇಲ್ಲ. ಹನ್ನೆರಡು ಮಂದಿ ಕೂಡಿದರೆ ದೋಣಿ ಹೊರಡುತ್ತದೆ. ನಮ್ಮೂರ ಟೆಂಪೋದ ನಿಯಮವೇ ಇಲ್ಲಿಯೂ ಇದೆಯೆಂದು ಅಪ್ಪನಿಗೆ ಸಮಾಧಾನವಾಯಿತು. ದ್ವೀಪಕ್ಕೆ ಇಳಿದ ಕೂಡಲೇ ಬಾಡಿಗೆ ಸೈಕಲ್ಲಿನ ಅಂಗಡಿಗಳು. ಅಪ್ಪ ಗೇರಿನ ಸೈಕಲ್ಲುಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಬ್ರೇಕನ್ನು ಎರಡೆರಡು ಸಲ ಹಿಂಡಿ ನೋಡಿ, ಎಲ್ಲಕ್ಕಿಂತ ಹಳೆಯದೊಂದನ್ನು ಆರಿಸಿಕೊಂಡರು. ಕ್ವಾರಿಗೆ ದಿನವೂ ಆರು ಮೈಲಿ ಸೈಕಲ್ ತುಳಿದ ಕಾಲುಗಳು ಎಪ್ಪತ್ತರಲ್ಲಿಯೂ ತಮ್ಮ ಲಯವನ್ನು ಮರೆತಿರಲಿಲ್ಲ. ಮರೆತದ್ದು ಕಿವಿ. ಮದ್ದಿನ ಸದ್ದಿಗೆ ಬಲಗಿವಿ ಪೂರ್ತಿಯಾಗಿ, ಎಡಗಿವಿ ಮುಕ್ಕಾಲು ಪಾಲು ಹೋಗಿದೆ. ದ್ವೀಪದಲ್ಲಿ ವ್ಯಾನುಗಳು ವಿರಳವಾದರೂ ಇಲ್ಲದಿಲ್ಲ. ಆದ್ದರಿಂದ ನಾನು ಅಪ್ಪನ ಬಲಕ್ಕೆ, ತುಸು ಹಿಂದೆ ಸಾಗಬೇಕಾಯಿತು.

ಹೀಗೆ ಸಾಗುವಾಗ ಗಮನಕ್ಕೆ ಬಂದ ಸಂಗತಿಯೊಂದುಂಟು. ನಾನು ಕಿವಿಯಿಂದ ಕಾಡನ್ನು ಹುಡುಕುತ್ತಿದ್ದೆ, ಅಪ್ಪ ಕಣ್ಣಿನಿಂದ. ಹಳೆಯ ರಬ್ಬರ್ ಮರಗಳ ನಡುವೆ ಮರಿಗಳೊಡನೆ ಮಣ್ಣು ಕೆದಕುತ್ತಿದ್ದ ಕಾಡುಹಂದಿಯನ್ನು ಮೊದಲು ಕಂಡವರು ಅವರೇ. ಮಾತಾಡದೆ ಎಡಗೈಯನ್ನು ಹಿಂದಕ್ಕೆ ಚಾಚಿ ನನ್ನನ್ನು ತಡೆದರು. ಸಿಡಿಮದ್ದಿಗೆ ಬತ್ತಿ ಹಚ್ಚಿದಾಗ ಜನರನ್ನು ತಡೆಯುತ್ತಿದ್ದ ಸನ್ನೆ ಅದು. ಹುಡುಗನಾಗಿದ್ದಾಗ ಬುತ್ತಿ ಕೊಡಲು ಹೋಗಿ ಎಷ್ಟೋ ಸಲ ನೋಡಿದ್ದೆ. ಮಂಗಟ್ಟೆಯ ಕೂಗು ಮಾತ್ರ ನನಗೆ ಮೊದಲು ಕೇಳಿಸಿತು. ಒಮ್ಮೆ ಸಿಂಗಪುರದಿಂದಲೇ ಮರೆಯಾಗಿದ್ದ ಈ ಹಕ್ಕಿ 1994ರಲ್ಲಿ ಉಬಿನ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ಅನಂತರ ಗೂಡುಪೆಟ್ಟಿಗೆಗಳನ್ನು ಕಟ್ಟಿ ಅದರ ಸಂತತಿ ಹೆಚ್ಚಲು ನೆರವಾದರು. ದಾಂಡೇಲಿಯಲ್ಲಿ ನಾನು ನೋಡಿದ್ದು ಇದರ ಹತ್ತಿರದ ಬಂಧುವನ್ನು. ಅಪ್ಪನ ಭುಜ ಮುಟ್ಟಿ ಮೇಲೆ ತೋರಿಸಿದೆ. ಬಹಳ ಹೊತ್ತು ನೋಡಿ, “ಕೊಕ್ಕಿನ ಮೇಲೊಂದು ಕೊಕ್ಕು ಹೊತ್ಕೊಂಡದಲ್ಲಪ್ಪಾ!” ಎಂದರು.

ಪೆಕಾನ್ ಕ್ವಾರಿಯ ಬಳಿಗೆ ಬಂದಾಗ ಅಪ್ಪ ಹೇಳದೆಯೇ ಸೈಕಲ್ಲಿನಿಂದಿಳಿದರು. ಈ ದ್ವೀಪದ ಕಲ್ಲು 1851ರಲ್ಲಿ ಬೆಳಗಿದ ಹಾರ್ಸ್‌ಬರ್ಗ್ ದೀಪಸ್ತಂಭಕ್ಕೆ ಹೋಗಿದೆ. ಸಿಂಗಪುರ ಮತ್ತು ಜೊಹೋರ್‌ಗಳನ್ನು ಕೂಡಿಸುವ, 1924ರ ಸಮುದ್ರಸೇತುವೆಗೂ ಹೋಗಿದೆ. ಕೊನೆಯ ಕ್ವಾರಿ ಮುಚ್ಚಿದ್ದು 1999ರಲ್ಲಿ. ಈಗ ಆ ಹಳ್ಳದ ತುಂಬ ಹಸಿರು ನೀರು. ನಡುವಿನ ನಡುಗಡ್ಡೆಯ ಮರಗಳಲ್ಲಿ ಬೂದು ಬಕಗಳ ಗೂಡುಗಳು. ನಾನು ದುರ್ಬೀನನ್ನು ಬಕಗಳತ್ತ ಹಿಡಿದಿದ್ದರೆ ಅಪ್ಪ ದಾರಿಯಂಚಿನ ಬಂಡೆಯೊಂದರ ಮೇಲಿನ ಅರ್ಧಕೊಳವೆಯಂಥ ಗೆರೆಯಲ್ಲಿ ಬೆರಳಾಡಿಸುತ್ತಿದ್ದರು. “ಇದು ಮಿಷಿನ್ನು ಕೊರೆದಿದ್ದು, ಕೈಯಿಂದಲ್ಲ,” ಎಂದರು. ಆಮೇಲೆ, ಕೇಳದೆಯೇ ಮುಂದುವರಿಸಿದರು: ಕಲ್ಲು ಎಲ್ಲ ಕಡೆಗೂ ಒಂದೇ ಅಲ್ಲ. ‘ಬಿಡುವ’ ಕಡೆಗೆ ಬೆಣೆ ಹೊಡೆದರೆ ಚಪ್ಪಡಿಯಾಗಿ ಸೀಳುತ್ತದೆ, ಬಿಡದ ಕಡೆಗೆ ಹೊಡೆದರೆ ಮುಕ್ಕಾಗುತ್ತದೆ.

‘ಬಿಡು’ ಧಾತುವಿನ ಈ ಅರ್ಥ ನನ್ನ ಸಂಗ್ರಹದಲ್ಲಿರಲಿಲ್ಲ. ನನ್ನ ಪಿಎಚ್.ಡಿ. ಪ್ರಬಂಧದ ವಿಷಯವೇ ಗ್ರಾಮೀಣ ವೃತ್ತಿಪದಗಳು. ಕುಂಬಾರರ ಆವಿಗೆಯ ಬಳಿ, ನೇಕಾರರ ಮಗ್ಗದ ಬಳಿ ತಿಂಗಳುಗಟ್ಟಲೆ ಕುಳಿತಿದ್ದೆ. ಕಲ್ಲುಕುಟಿಗರನ್ನು ‘ವ್ಯಾಪ್ತಿಯ ಮಿತಿಯಿಂದಾಗಿ’ ಕೈಬಿಟ್ಟಿರುವುದಾಗಿ ಪೀಠಿಕೆಯಲ್ಲಿ ಬರೆದೆ. ಅದು ನಿಜವಲ್ಲ. ಹಾಸ್ಟೆಲ್ಲಿನ ಅರ್ಜಿಯಲ್ಲಿ ತಂದೆಯ ಉದ್ಯೋಗದ ಎದುರಿಗೆ ‘ಕೃಷಿ’ ಎಂದು ಬರೆದ ಹುಡುಗನೇ ಆ ಪೀಠಿಕೆಯನ್ನೂ ಬರೆದದ್ದು. ನಮಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಇದನ್ನು ಅಪ್ಪನಿಗೆ ಹೇಳಬೇಕೆನಿಸಿತು. ಆದರೆ ಅಷ್ಟು ಗಟ್ಟಿಯಾಗಿ ಕೂಗಿ ಹೇಳುವ ಮಾತೇ ಅದು?

ಚೆಕ್ ಜಾವಾದ ತೀರವನ್ನೂ ನೋಡಿದೆವು. ಸಮುದ್ರವನ್ನು ತುಂಬಿಸಿ ನೆಲ ಮಾಡುವ ಯೋಜನೆಯನ್ನು 2001ರಲ್ಲಿ ಮುಂದೂಡಿದ್ದರಿಂದ ಉಳಿದ ಜಾಗವದು. 2007ರಲ್ಲಿ ತೆರೆದ ಕಾಲುಹಾದಿಯ ಮೇಲೆ ನಿಂತು, ಇಳಿತದ ಕೆಸರಿನಲ್ಲಿ ಒಂದೇ ದೊಡ್ಡ ಕೊಂಡಿಯನ್ನು ಎತ್ತಿ ಆಡಿಸುವ ಏಡಿಗಳನ್ನು ಅಪ್ಪ ಮಗುವಿನಂತೆ ನೋಡಿದರು. ನನ್ನ ಗಮನ ಅಲ್ಲಿರಲಿಲ್ಲ.

ಸಂಜೆ ದೋಣಿಕಟ್ಟೆಯ ಬೆಂಚಿನ ಮೇಲೆ, ಅಪ್ಪನ ಎಡಗಿವಿಯ ಕಡೆಗೆ ಕುಳಿತು, ಹಕ್ಕಿಗಳಿಗಾಗಿ ತಂದಿದ್ದ ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿದೆ. ಚಾಣದಿಂದ ಆರಂಭಿಸಿದೆವು. ಬಂಡೆಯ ಮೇಲೆ ಸೌದೆ ಉರಿಸಿ, ಕಾವಿಗೆ ಚಪ್ಪಡಿ ಎಬ್ಬಿಸುವ ಕೆಲಸಕ್ಕೆ ಬರುವಷ್ಟರಲ್ಲಿ ದೋಣಿಯವನು ಕೂಗಿದ. ಅಪ್ಪನಿಗೆ ಕೇಳಿಸಲಿಲ್ಲ, ಯಾವ ಸೌದೆಯ ಕಾವು ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ವಿವರಿಸುತ್ತಿದ್ದರು. ನಾನು ಕೈಯಾಡಿಸಿದೆ. ನಮ್ಮ ಹಿಂದಿದ್ದ ಇಬ್ಬರನ್ನು ಹತ್ತಿಸಿಕೊಂಡು ದೋಣಿ ಹೊರಟುಹೋಯಿತು. ಮುಂದಿನದಕ್ಕೆ ಇನ್ನೂ ಹತ್ತು ಮಂದಿ ಬರಬೇಕಿತ್ತು.