ಟ್ರಂಕು ಬಿಚ್ಚಿದ ಮೇಲೆ

ನಮ್ಮೂರು ಚಿಗಟೇರಿಯಲ್ಲಿ ಯಾರಾದರೂ ಹೊಸ ಮನೆ ಹೊಕ್ಕರೆ ನೆಂಟರು ಪಾತ್ರೆ ತರುತ್ತಾರೆ, ಪಕ್ಕದ ಮನೆಯವರು ರೊಟ್ಟಿ ಪಲ್ಯ ಕಳಿಸುತ್ತಾರೆ. ಸೈನಿಕನ ಕುಟುಂಬ ಹೊಸ ಊರಿಗೆ ಹೋದರೆ ಕಸಬರಿಗೆಯಿಂದ ಹಿಡಿದು ಎಲ್ಲಕ್ಕೂ ದುಡ್ಡು ಬಿಚ್ಚಬೇಕು.

ನಮ್ಮ ಯಜಮಾನರು ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು, ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಕೇಂದ್ರದಲ್ಲಿ ತರಬೇತಿ ಆದವರು. ನಾಯಕ್ ಆಗಿದ್ದಾಗ ಅಂಬಾಲಕ್ಕೆ ಪೋಸ್ಟಿಂಗ್ ಬಂತು. ಪೀಸ್ ಸ್ಟೇಷನ್, ಕುಟುಂಬ ಇಟ್ಟುಕೊಳ್ಳಬಹುದು. ಮದುವೆಯಾದಾಗಿನಿಂದ ಅವರು ಗಡಿಯಲ್ಲಿ, ನಾನು ಊರಲ್ಲಿ ಅತ್ತೆಯ ಜೊತೆ. ಮಗಳಿಗೆ ಅಪ್ಪನೆಂದರೆ ಫೋನಿನೊಳಗಿನ ದನಿ ಅಷ್ಟೇ ಆಗಿತ್ತು. ದಾವಣಗೆರೆಯಲ್ಲಿ ಚಂಡೀಗಢದ ಸಂಪರ್ಕ ಕ್ರಾಂತಿ ಹತ್ತಿದಾಗ ಹೆಸರು, ನಂಬರು, ಯೂನಿಟ್ ಬರೆದ ಕಪ್ಪು ಟ್ರಂಕುಗಳಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ರೊಟ್ಟಿ ಹಂಚು ಎಲ್ಲ ಇದ್ದವು. ಅಲ್ಲಿಯ ಚಳಿಗೆ ಬೇಕಾದದ್ದು ಒಂದೂ ಇರಲಿಲ್ಲ.

ಕ್ವಾರ್ಟರ್ಸ್‌ಗೆ ಸರದಿ ಇತ್ತು. ಅಲ್ಲಿಯವರೆಗೆ ಕಂಟೋನ್ಮೆಂಟ್ ಹೊರಗೆ ಬಾಡಿಗೆ ಮನೆ. ವರ್ಗಾವಣೆಯಾದವರಿಗೆ ಸರ್ಕಾರ ಒಂದು ಇಡಿಗಂಟು ಕೊಡುತ್ತದೆ: ರೂ. 5,200ರ ಮಿಲಿಟರಿ ಸರ್ವಿಸ್ ಪೇ ಸೇರಿಸಿಕೊಂಡು ಮೂಲ ವೇತನದ ಶೇ. 80. ನಮಗೆ ಅದರ ಮುಂಗಡವೂ ಸಿಕ್ಕಿತ್ತು. ಆದರೆ ಮನೆ ಮಾಲೀಕರ ಅಡ್ವಾನ್ಸು, ದಲ್ಲಾಳಿಯ ಕಮಿಷನ್, ಸಾಮಾನು ಇಳಿಸಿದ ಕೂಲಿ ಕೊಡುವಷ್ಟರಲ್ಲಿ ಆ ಗಂಟು ಕರಗಿತು. ಮನೆಯೊಳಗೆ ಇನ್ನೂ ಒಂದು ಬಲ್ಬೂ ಇರಲಿಲ್ಲ.

ಆಮೇಲೆ ಶುರುವಾಯಿತು. ಬಲ್ಬು, ಬಕೆಟ್ಟು, ಬಾಗಿಲಿಗೆ ಬೀಗ, ಕಿಟಕಿಗೆ ಪರದೆ. ರಜಾಯಿ ಇಲ್ಲದೆ ಮಲಗುವಂತಿಲ್ಲ, ಬಿಸಿನೀರಿಲ್ಲದೆ ಮಗುವಿಗೆ ಸ್ನಾನವಿಲ್ಲ. ಹಾಗಾಗಿ ಗೀಸರ್, ರೂಮ್ ಹೀಟರ್. ಮಗಳ ಶಾಲೆಗೆ ಸಮವಸ್ತ್ರ, ಬೂಟು, ಸ್ವೆಟರ್, ಹಿಂದಿ ಬಾರದ ಕಾರಣಕ್ಕೆ ಮನೆಪಾಠ. ಇದರಲ್ಲಿ ಯಾವುದು ದುಂದು ಎಂದು ಯಾರಾದರೂ ತೋರಿಸಲಿ. ಒಂದೊಂದೂ ಸಣ್ಣ ಮೊತ್ತವೇ, ಎಲ್ಲವೂ ಒಂದೇ ತಿಂಗಳಲ್ಲಿ ಬಂತು. ಮಿಲಿಟರಿ ಕ್ಯಾಂಟೀನಿನಲ್ಲಿ ಫ್ರಿಜ್ಜು ಹೊರಗಿಗಿಂತ ಅಗ್ಗ. ಅಗ್ಗ ಎಂದು ಎಲ್ಲರೂ ಕೊಳ್ಳುತ್ತಾರೆ, ನಾವೂ ಕೊಂಡೆವು, ಸಂಬಳದ ಮೇಲೆ ಸಾಲ ತೆಗೆದು.

ಪ್ರಯಾಣದ ಕ್ಲೇಮು ಒಂದು ರಸೀದಿಯ ಆಕ್ಷೇಪದಿಂದ ವಾಪಸ್ ಬಂತು. ಮತ್ತೆ ಕಳಿಸಿದ್ದು ಪಾಸಾಗುವಷ್ಟರಲ್ಲಿ ಚಳಿಗಾಲವೇ ಮುಗಿದಿತ್ತು. ಆ ತಿಂಗಳುಗಳು ಹೇಗೆ ಕಳೆದವು ಎಂಬುದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಹಾಲು ಅರ್ಧ ಲೀಟರಿಗೆ ಇಳಿಸಿ ಅದನ್ನು ಮಗಳಿಗೆ ಮಾತ್ರ ಇಟ್ಟೆ. ಯಜಮಾನರು ಡ್ಯೂಟಿ ಮುಗಿಸಿ ಬಂದು ಚೀಟಿಯಲ್ಲಿ ಲೆಕ್ಕ ಬರೆದು, ಕೂಡಿ, ಮತ್ತೆ ಕೂಡಿ, ಮಾತಾಡದೆ ಮಲಗುತ್ತಿದ್ದರು. ಮನೆಯಲ್ಲಿ ಮೂವರೂ ಒಟ್ಟಿಗಿದ್ದೆವು, ಅದಕ್ಕಾಗಿಯೇ ಅಷ್ಟು ದೂರ ಹೋಗಿದ್ದು. ಆದರೂ ನಗು ಇರಲಿಲ್ಲ.

ಕೊನೆಗೆ ಅತ್ತೆಗೆ ಫೋನಿನಲ್ಲಿ ಹೇಳಲೇಬೇಕಾಯಿತು. "ಯವ್ವಾ, ಅಳಬ್ಯಾಡ. ಮೆಕ್ಕೆಜೋಳದ ರೊಕ್ಕ ಐತೆ, ಕಳಿಸ್ತೀನಿ" ಅಂದರು. ಬೋರ್‌ವೆಲ್ ಮೋಟರ್ ರಿಪೇರಿಗೆ ಎತ್ತಿಟ್ಟಿದ್ದ ಹಣವದು. ಅದೂ ಸಾಲದೆ ನನ್ನ ಓಲೆ, ಸರ ಹರಪನಹಳ್ಳಿಯ ಬ್ಯಾಂಕಿನಲ್ಲಿ ಅಡವಿಗೆ ಹೋದವು. ಆ ವರ್ಷ ನಮ್ಮೂರ ನಾರದಮುನಿ ತೇರಿಗೆ ರಜೆ ಸಿಕ್ಕಿತ್ತು, ರೈಲು ಖರ್ಚಿಗೆ ಹಣವಿರಲಿಲ್ಲ. ರಜೆ ಸಿಗಲಿಲ್ಲ ಎಂದೇ ಊರಿಗೆ ಹೇಳಿದೆವು. ಕೊಟ್ಟೂರಿನಿಂದ ತೇರಿಗೆ ಬಂದ ತವರಿನವರು ನಮ್ಮನ್ನು ಕಾದು ಹೋದರಂತೆ.

ಕ್ವಾರ್ಟರ್ಸ್ ಸಿಕ್ಕಾಗ ಇನ್ನೊಂದು ಸುತ್ತು. ಅಲ್ಲಿಯ ಕಿಟಕಿಗೆ ಹಳೆ ಪರದೆ ಗಿಡ್ಡ. ಬಾಡಿಗೆ ಮನೆಯ ಮಾಲೀಕರು ಸುಣ್ಣಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಹಿಡಿದುಕೊಂಡರು. ಬೇಸಿಗೆ ನಲವತ್ತು ಡಿಗ್ರಿ ದಾಟಿತು, ಕೂಲರ್ ಬಂತು. ಸಾಲ ತೀರಿ ಉಸಿರಾಡುವ ಹೊತ್ತಿಗೆ ಯಜಮಾನರಿಗೆ ಫೀಲ್ಡ್ ಪೋಸ್ಟಿಂಗ್ ಆಯಿತು. ಫೀಲ್ಡಿಗೆ ಕುಟುಂಬ ಹೋಗುವಂತಿಲ್ಲ. ಕೂಲರ್, ಹೀಟರ್, ಮಂಚ ಸಿಕ್ಕ ಬೆಲೆಗೆ ಬಿಟ್ಟು, ಮಗಳ ಕೈ ಹಿಡಿದು ಊರಿಗೆ ಬಂದೆ.

"ಮಿಲಿಟರಿಯವರಿಗೇನು, ಎಲ್ಲ ಫ್ರೀ" ಎನ್ನುವವರು ನಮ್ಮೂರಲ್ಲಿ ಈಗಲೂ ಇದ್ದಾರೆ. ಸಂಬಳ ನಿಜ, ಕ್ಯಾಂಟೀನೂ ನಿಜ. ಎರಡು ಮೂರು ವರ್ಷಕ್ಕೊಮ್ಮೆ ಸಂಸಾರವನ್ನು ಸೊನ್ನೆಯಿಂದ ಹೂಡುವುದೂ ಅಷ್ಟೇ ನಿಜ, ಅದರ ಲೆಕ್ಕ ಯಾರೂ ಕೇಳುವುದಿಲ್ಲ.

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆಯಿಂದ ಸೇನೆ ಸೇರಿದ ತಮ್ಮಂದಿರಿಗೆ ಒಂದು ಮಾತು. ಕ್ವಾರ್ಟರ್ಸ್ ಸಿಗುವ ಮುಂಚೆ ಹೆಂಡತಿ ಮಕ್ಕಳನ್ನು ಕರೆಯುವುದಾದರೆ, ಸರ್ಕಾರ ಕೊಡುವ ಗಂಟಲ್ಲದೆ ಮೂರು ತಿಂಗಳ ಸಂಬಳದಷ್ಟು ಬೇರೆ ಇರಲಿ. ಪ್ರತಿ ರಸೀದಿ ಜೋಪಾನ. ಪೋಸ್ಟಿಂಗ್ ಮೇಲೆ ಊರು ಬಿಡುತ್ತಿರುವ ಸಂಸಾರದಿಂದ ಕೂಲರ್, ಹೀಟರ್ ಕೊಳ್ಳಿ, ಹೊಸದು ಬೇಡ. ಕೈ ಬರಿದಾದರೆ ಮನೆಯವರಿಗೆ ಮೊದಲ ತಿಂಗಳೇ ಹೇಳಿ.