ರೀಪ್ಯಾಕ್ ಇಳಿಜಾರಿನ ಹಾದಿಯಲ್ಲಿ

ಸ್ಯಾನ್‌ಫ್ರಾನ್ಸಿಸ್ಕೊ ನಗರದ ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಉತ್ತರಕ್ಕೆ ಸಾಗಿದರೆ ಮರೀನ್ ಕೌಂಟಿ ಎಂಬ ಗುಡ್ಡಗಾಡು ಸೀಮೆ ಎದುರಾಗುತ್ತದೆ. 2571 ಅಡಿ ಎತ್ತರದ ಟಮಲ್‌ಪೈಸ್ ಪರ್ವತ ಆ ಸೀಮೆಯ ಕಿರೀಟಪ್ರಾಯವಾಗಿದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬರುವ ನಮ್ಮ ಕಡೆಯ ಹಿರಿಯರು ಸಾಮಾನ್ಯವಾಗಿ ಸೇತುವೆಯನ್ನು ನೋಡಿ, ಭಾವಚಿತ್ರ ತೆಗೆಸಿಕೊಂಡು, ಹೆಚ್ಚೆಂದರೆ ಮ್ಯೂರ್ ವುಡ್ಸ್‌ನ ಗಗನಚುಂಬಿ ರೆಡ್‌ವುಡ್ ವೃಕ್ಷಗಳ ಕೆಳಗೆ ಒಂದು ಗಳಿಗೆ ನಿಂತು ಹಿಂದಿರುಗುವುದುಂಟು. 2024ರ ಸೆಪ್ಟೆಂಬರ್ ತಿಂಗಳಲ್ಲಿ ನಾವು ದಂಪತಿಗಳು ಅಲ್ಲಿಂದಲೂ ಮುಂದೆ, ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರಿಗೆ ಹೋಗುವಂತಾದುದು ಒಂದು ಸೈಕಲ್ಲಿನ ಬ್ರೇಕಿನ ದೆಸೆಯಿಂದ ಎಂದರೆ ಓದುಗ ಬಂಧುಗಳು ನಗಬಹುದು.

ನಮ್ಮ ತಂಗಿಯ ಮಗ ಇಪ್ಪತ್ತು ವರ್ಷಗಳಿಂದ ಫ್ರೀಮಾಂಟ್‌ನಲ್ಲಿ ನೆಲೆಸಿದ್ದಾನೆ. ಅಲ್ಲಿಗೆ ಬಂದ ಹೊಸದರಲ್ಲಿ ಕೊಂಡ ಗುಡ್ಡ ಹತ್ತುವ ಸೈಕಲ್ಲೊಂದು ಅವನ ಮನೆಯಲ್ಲಿದೆ. ಈಗ ಅವನಿಗೆ ಬೇರೆ ಸೈಕಲ್ ಉಂಟು. ಹಳೆಯದು ಹದಿನಾಲ್ಕು ವರ್ಷದ ಮಗನ ಪಾಲಿಗೆ ಬಂದಿದೆ. ತಂದೆಯೊಡನೆ ಫೇರ್‌ಫ್ಯಾಕ್ಸ್‌ನ ಪ್ರಸಿದ್ಧ ಇಳಿಜಾರನ್ನು ಇಳಿಯಬೇಕೆಂಬುದು ಆ ಬಾಲಕನ ಹಟ. ಅದರ ಹಿಂದಿನ ಮಳೆಗಾಲದಲ್ಲಿ ಇದೇ ಸೈಕಲ್ಲಿನ ಮೇಲೆ ಮನೆಯ ಸಮೀಪದ ಗುಡ್ಡದಿಂದ ಇಳಿಯುವಾಗ, ಎರಡೂ ಹಿಡಿಗಳನ್ನು ಮುಷ್ಟಿಯಲ್ಲಿ ಹಿಂಡಿದರೂ ಗಾಲಿ ನಿಲ್ಲದೆ ಹುಡುಗ ಬೇಲಿಗೆ ಹೋಗಿ ಒರಗಿದ್ದ. ಮೊಣಕೈ ತರಚಿತ್ತು, ಅಷ್ಟೇ. ಆದರೆ ತಾಯಿಯ ಎದೆ ನಡುಗಿತ್ತು. “ಮಾವಾರ, ನೀವು ಶಾಲ್ಯಾಗ ವಿಜ್ಞಾನ ಕಲಿಸಿದವರು. ನೀವ ಹೇಳ್ರಿ, ಈ ಸೈಕಲ್ ಮ್ಯಾಲೆ ಇವನ್ನ ಗುಡ್ಡಕ್ಕ ಕಳಸಬೇಕೇನ್ರಿ?” ಎಂದು ಆ ಸೊಸೆ ನಮ್ಮನ್ನು ಕೇಳಿದಳು. ಹೀಗೆ ತೀರ್ಪಿನ ಭಾರ ನಮ್ಮ ಮೇಲೆ ಬಿದ್ದಿತು.

ಆ ಇಳಿಜಾರಿನ ಹೆಸರು ರೀಪ್ಯಾಕ್. ಕಾಳ್ಗಿಚ್ಚು ನಂದಿಸುವ ವಾಹನಗಳಿಗಾಗಿ ಗುಡ್ಡದ ಮೈಯಲ್ಲಿ ಕಡಿದ ಮಣ್ಣಿನ ರಸ್ತೆಯದು. ಸುಮಾರು 2 ಮೈಲಿಯಲ್ಲಿ 1300 ಅಡಿ ಇಳಿಯುತ್ತದೆ. 1970ರ ದಶಕದಲ್ಲಿ ಈ ಪ್ರಾಂತದ ಕೆಲವು ತರುಣರು 1930-40ರ ಕಾಲದ ಹಳೆಯ ದಪ್ಪಗಾಲಿಯ ಶ್ವಿನ್ ಸೈಕಲ್ಲುಗಳನ್ನು ಅಲ್ಲಿ ಇಲ್ಲಿ ಹುಡುಕಿ ತಂದು, ಗುಡ್ಡದ ಮೇಲಕ್ಕೆ ಸಾಗಿಸಿ, ಅಲ್ಲಿಂದ ಕೆಳಕ್ಕೆ ಬಿಡುತ್ತಿದ್ದರು. 1976ರ ಅಕ್ಟೋಬರ್ 21ರಂದು ಇಲ್ಲಿ ಮೊದಲ ಬಾರಿಗೆ ಗಡಿಯಾರ ಹಿಡಿದು ಸ್ಪರ್ಧೆ ನಡೆಯಿತು. ಚಾರ್ಲಿ ಕೆಲ್ಲಿ ಅದರ ಸಂಘಟಕರಲ್ಲೊಬ್ಬ. ಗೆದ್ದವನು ಆಲನ್ ಬಾಂಡ್ಸ್. ಮುಂದೆ ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡುಗಳಲ್ಲಿ ಇಳಿದು ದಾಖಲೆ ಮಾಡಿದ. ಜೋ ಬ್ರೀಜ್ ಅವನಿಗಿಂತ ಕೇವಲ 2 ಸೆಕೆಂಡು ಹಿಂದೆ. ಜಗತ್ತಿನಾದ್ಯಂತ ಇಂದು ಮೌಂಟನ್ ಬೈಕ್ ಎನಿಸಿಕೊಂಡಿರುವ ವಾಹನದ ತವರುಗಳಲ್ಲಿ ಈ ಮಣ್ಣಿನ ರಸ್ತೆ ಮುಖ್ಯವಾದುದು.

ಹೆಸರಿನ ಹಿನ್ನೆಲೆಯೇ ಬ್ರೇಕಿನ ಕಥೆ. ಆ ಹಳೆಯ ಸೈಕಲ್ಲುಗಳಿಗೆ ಕೈಬ್ರೇಕು ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಗಾಲಿಯ ಹಬ್ಬಿನೊಳಗಿನ ಲೋಹದ ತುಂಡುಗಳು ಅಗಲಿಸಿಕೊಂಡು ಹಬ್ಬಿನ ಒಳಗೋಡೆಗೆ ಒತ್ತುತ್ತಿದ್ದವು. ಒಳಗೆ ತುಂಬಿದ ಗ್ರೀಸ್ ಆ ಉಜ್ಜಾಟವನ್ನು ತಾಳಿಕೊಳ್ಳಬೇಕು. ಈ ಇಳಿಜಾರಿನಲ್ಲಿ ಒಮ್ಮೆ ಇಳಿಯುವಷ್ಟರಲ್ಲಿ ಗ್ರೀಸ್ ಕಾದು ಹೊಗೆಯಾಗಿ ಹೊರಡುತ್ತಿತ್ತು. ಕೆಳಗೆ ತಲುಪಿದೊಡನೆ ಹಬ್ಬನ್ನು ಬಿಚ್ಚಿ ಹೊಸ ಗ್ರೀಸ್ ತುಂಬದೆ ಮತ್ತೆ ಇಳಿಯುವಂತಿರಲಿಲ್ಲ. ಇಂಗ್ಲಿಷಿನಲ್ಲಿ ರೀಪ್ಯಾಕ್ ಎಂದರೆ ಮತ್ತೆ ತುಂಬುವುದು. ರಸ್ತೆಗೆ ಅದೇ ಹೆಸರು ನಿಂತಿತು.

ಹೊಗೆಯೇಳುವಷ್ಟು ಶಾಖ ಎಲ್ಲಿಂದ ಬರುತ್ತದೆಂದು ಹುಡುಗ ಕೇಳಿದ. ಹಳೆಯ ಅಭ್ಯಾಸಬಲದಿಂದ ಲೆಕ್ಕ ಹಾಕಿ ತೋರಿಸಿದೆವು. ಸೈಕಲ್ ಸಹಿತ 85 ಕಿಲೋ ತೂಕದ ಸವಾರ 1300 ಅಡಿ, ಅಂದರೆ ಸುಮಾರು 400 ಮೀಟರ್ ಇಳಿದಾಗ ಹೊರಬರುವ ಶಕ್ತಿ 3 ಲಕ್ಷ 33 ಸಾವಿರ ಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಹೆಚ್ಚುಕಡಿಮೆ ಇಷ್ಟೇ ಶಾಖ ಬೇಕು! ಗಾಳಿಯೂ ನೆಲವೂ ಅದರಲ್ಲಿ ಒಂದು ಪಾಲನ್ನು ನುಂಗುತ್ತವೆ. ಉಳಿದುದನ್ನೆಲ್ಲ ಬ್ರೇಕು ನುಂಗಬೇಕು. ನಿಧಾನವಾಗಿ ಇಳಿಯುವವನಿಗೆ ಗಾಳಿಯ ತಡೆ ಕಡಿಮೆ. ಆದ್ದರಿಂದ ಜಾಗರೂಕ ಸವಾರನ ಬ್ರೇಕಿಗೇ ಪಾಲು ಹೆಚ್ಚು ಎಂಬುದು ಹುಡುಗನಿಗಿಂತ ಅವನ ತಂದೆಗೆ ಹೆಚ್ಚು ಆಶ್ಚರ್ಯ ತಂದಿತು.

ಧಾರವಾಡದಲ್ಲಿ ನಾವು ಬಳಸಿದ ಸೈಕಲ್ಲುಗಳಿಗೆ ಕಬ್ಬಿಣದ ಕಡ್ಡಿಗಳ ಬ್ರೇಕು. ಹಿಡಿಯನ್ನು ಎಳೆದರೆ ಕಡ್ಡಿಗಳು ಎಳೆದುಕೊಂಡು ರಬ್ಬರ್ ತುಂಡುಗಳನ್ನು ರಿಮ್ಮಿಗೆ ಒತ್ತುತ್ತಿದ್ದವು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅವುಗಳನ್ನು ನಂಬಿದವರು ಕಡಿಮೆ. ಚಪ್ಪಲಿಯನ್ನೇ ನೆಲಕ್ಕೆ ಊರುತ್ತಿದ್ದರು. ಸೋದರಳಿಯನ ಹಳೆಯ ಸೈಕಲ್ಲಿನಲ್ಲಿ ಕಡ್ಡಿಯ ಬದಲು ಕೇಬಲ್ ತಂತಿ ಇತ್ತೇ ಹೊರತು ತತ್ತ್ವ ಅದೇ. ರಿಮ್ ಒದ್ದೆಯಾದರೆ ಹಿಡಿತವಿಲ್ಲ, ಕೆಸರು ಮೆತ್ತಿದರೆ ರಿಮ್ಮೇ ಸವೆಯುತ್ತದೆ, ತಂತಿ ತುಕ್ಕು ಹಿಡಿದರೆ ಕೈಯ ಬಲದ ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ. ಹದಿನಾಲ್ಕರ ಹುಡುಗನ ಬೆರಳುಗಳಿಗೆ ಎಷ್ಟು ಬಲವಿದ್ದೀತು? ಆದುದರಿಂದ ನಮ್ಮ ತೀರ್ಪು ಹೀಗಿತ್ತು: ಸೈಕಲ್ ಇರಲಿ, ಬ್ರೇಕು ಬದಲಾಗಲಿ; ಅಲ್ಲಿಯವರೆಗೆ ಗುಡ್ಡದ ಮಾತು ಬೇಡ.

ಹೈಡ್ರಾಲಿಕ್ ಡಿಸ್ಕ್ ಬ್ರೇಕಿನಲ್ಲಿ ತಂತಿಯಿಲ್ಲ. ಸಣ್ಣ ಕೊಳವೆಯಲ್ಲಿ ಎಣ್ಣೆ ತುಂಬಿರುತ್ತದೆ. ಮುಚ್ಚಿದ ದ್ರವದ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿದುದನ್ನು ಶಾಲೆಯಲ್ಲಿ ಓದದವರಿಲ್ಲ. ಹಿಡಿಯ ಬಳಿಯ ಪಿಸ್ಟನ್ 10 ಮಿಲಿಮೀಟರ್ ಅಗಲ, ಗಾಲಿಯ ಬಳಿಯದು 20 ಮಿಲಿಮೀಟರ್ ಅಗಲ ಎಂದುಕೊಂಡರೆ, ಬೆರಳಿನಿಂದ ಬಂದ ಬಲ ಅಲ್ಲಿ ನಾಲ್ಕು ಪಟ್ಟಾಗುತ್ತದೆ. ಅದು ಎರಡು ಪ್ಯಾಡುಗಳನ್ನು ಹಬ್ಬಿಗೆ ಜೋಡಿಸಿದ ಉಕ್ಕಿನ ತಟ್ಟೆಗೆ ಎರಡೂ ಬದಿಯಿಂದ ಒತ್ತುತ್ತದೆ. ತಟ್ಟೆ ನೆಲದಿಂದ ಮೇಲಿರುವುದರಿಂದ ನೀರು ಕೆಸರುಗಳ ಕಾಟ ಕಡಿಮೆ. ಪ್ಯಾಡು ಸವೆದಂತೆ ಪಿಸ್ಟನ್ ತಾನಾಗಿ ಮುಂದೆ ಸರಿದು ಅಂತರವನ್ನು ತುಂಬಿಕೊಳ್ಳುತ್ತದೆ.

ಹೇಳಿದಷ್ಟು ಸುಲಭವಾಗಿ ಕೆಲಸ ಆಗಲಿಲ್ಲ. ಸೈಕಲ್ಲಿನ ಚೌಕಟ್ಟಿನಲ್ಲಿಯೂ ಮುಂದಿನ ಫೋರ್ಕಿನಲ್ಲಿಯೂ ಡಿಸ್ಕ್ ಬ್ರೇಕು ಕೂರಿಸುವ ಕಿವಿಗಳಿದ್ದವು, ಪುಣ್ಯ. ಅವಿಲ್ಲದಿದ್ದರೆ ಈ ಯೋಚನೆಯನ್ನೇ ಕೈಬಿಡಬೇಕಿತ್ತು. ಆದರೆ ಹಬ್ಬುಗಳು ಹಳೆಯ ಬಗೆಯವು, ತಟ್ಟೆಯನ್ನು ಬಿಗಿಯಲು ಅವುಗಳಲ್ಲಿ ಸ್ಥಳವಿಲ್ಲ. ಆದ್ದರಿಂದ ಗಾಲಿಗಳೆರಡನ್ನೂ ಬದಲಿಸಬೇಕಾಯಿತು. ಬ್ರೇಕಿಗಿಂತ ಗಾಲಿಗಳಿಗೇ ಖರ್ಚು ಹೆಚ್ಚು. ಮುಂದಕ್ಕೆ 180 ಮಿಲಿಮೀಟರಿನ ತಟ್ಟೆ, ಹಿಂದಕ್ಕೆ 160ರದು. ಒಂದು ಶನಿವಾರ ಬೆಳಿಗ್ಗೆ ಪೂಜೆ, ಪ್ರಸಾದಗಳನ್ನು ಮುಗಿಸಿ ತಂದೆ ಮಕ್ಕಳು ಕಾರು ನಿಲ್ಲಿಸುವ ಕೋಣೆಯಲ್ಲಿ ಕುಳಿತರು, ನಾವು ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆಗೆ ನಿಂತೆವು. ಕೊಳವೆಯನ್ನು ಅಳತೆಗೆ ಕತ್ತರಿಸಿದ ಮೇಲೆ ಸಿರಿಂಜಿನಿಂದ ಎಣ್ಣೆಯನ್ನು ನೂಕಿ ಒಳಗಿನ ಗಾಳಿಯನ್ನೆಲ್ಲ ಹೊರಗಟ್ಟಬೇಕು. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಒಂದು ಗುಳ್ಳೆ ಉಳಿದರೂ ಹಿಡಿ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಮೊದಲ ಸಲ ಹಾಗೆಯೇ ಆಯಿತು, ಎರಡನೆಯ ಸಲಕ್ಕೆ ಹಿಡಿ ಕಲ್ಲಿನಂತೆ ನಿಂತಿತು.

ಕೆಲವು ತಯಾರಕರು ಕಾರುಗಳಲ್ಲಿ ಬಳಸುವ ಬಗೆಯ ಬ್ರೇಕ್ ದ್ರವವನ್ನು ಬಳಸಿದರೆ, ಬೇರೆ ಕೆಲವರು ಖನಿಜ ತೈಲವನ್ನು ಬಳಸುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಕೆಡುತ್ತದೆ. ಗಾಲಿ ಬಿಚ್ಚಿರುವಾಗ ಹಿಡಿಯನ್ನು ಒತ್ತಬಾರದು. ಪ್ಯಾಡುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ತಟ್ಟೆಗೆ ಎಣ್ಣೆಯ ಕೈ ತಾಗಬಾರದು. ನಮ್ಮ ಮನೆಯವರು ಧಾರವಾಡದಿಂದ ತಂದ ಖಾರದ ಅವಲಕ್ಕಿಯನ್ನು ತಿನ್ನುತ್ತಲೇ ಹುಡುಗ ತಟ್ಟೆಯನ್ನು ಮುಟ್ಟಹೋದಾಗ ಅವನ ತಂದೆ ಕೂಗಿದ ಕೂಗು ಪಕ್ಕದ ಮನೆಗೂ ಕೇಳಿರಬೇಕು.

ನಮ್ಮ ದೇಶದಿಂದ ಹೋದವರು ಗಮನಿಸಬೇಕಾದುದು ಇನ್ನೊಂದುಂಟು. ನಮ್ಮ ಸೈಕಲ್ಲುಗಳಲ್ಲಿ ಬಲಗೈ ಹಿಡಿ ಮುಂಗಾಲಿಯದು. ಅಮೆರಿಕದಲ್ಲಿ ಎಡಗೈ ಹಿಡಿ ಮುಂಗಾಲಿಯದು. ಹಳೆಯ ಬ್ರೇಕಿನಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಡದು. ಒಂದೇ ಬೆರಳಿಗೆ ಗಾಲಿ ಕಚ್ಚಿ ನಿಲ್ಲುವ ಈ ಬ್ರೇಕಿನಲ್ಲಿ ಕೈ ತಪ್ಪಿದರೆ ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುವುದು ಖಂಡಿತ. ಎರಡು ವಾರ ಹುಡುಗ ಮನೆಯ ಮುಂದಿನ ಬೀದಿಯಲ್ಲಿ ಮತ್ತೆ ಮತ್ತೆ ಓಡಿಸಿ, ಮತ್ತೆ ಮತ್ತೆ ನಿಧಾನಿಸಿ ಪ್ಯಾಡುಗಳನ್ನು ತಟ್ಟೆಗೆ ಪಳಗಿಸಿದ. ಬೆರಳುಗಳೂ ಪಳಗಿದವು.

ಫೇರ್‌ಫ್ಯಾಕ್ಸ್‌ನಲ್ಲಿ 2015ರಲ್ಲಿ ಆರಂಭವಾದ ಸೈಕಲ್ ವಸ್ತುಸಂಗ್ರಹಾಲಯವಿದೆ. ಆ ಮುದಿ ಶ್ವಿನ್‌ಗಳನ್ನು ಅಲ್ಲಿ ಕಂಡೆವು. ಜೋ ಬ್ರೀಜ್ 1977ರಲ್ಲಿ ಹೊಸದಾಗಿ ಕಟ್ಟಿದ ಮೊದಲ ಸೈಕಲ್ಲು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯನ್ನು ಸೇರಿದೆ. ಸೊಸೆ ತಂದೆ ಮಗನನ್ನು ಬೊಲಿನಾಸ್ ರಸ್ತೆಯ ಅಜೇಲಿಯಾ ಗುಡ್ಡದ ಬಳಿ ಇಳಿಸಿ, ನಮ್ಮನ್ನು ಕ್ಯಾಸ್ಕೇಡ್ ಕಣಿವೆಯ ಬಾಯಿಗೆ ಕರೆತಂದಳು. ಸೆಪ್ಟೆಂಬರಿನ ಹುಲ್ಲು ಒಣಗಿ ಹೊಂಬಣ್ಣವಾಗಿತ್ತು. ಓಕ್ ಮರಗಳ ನೆರಳಿನಲ್ಲಿ ಸ್ವಲ್ಪ ದೂರ ನಡೆದು ರೀಪ್ಯಾಕ್ ಬಂದು ಕೂಡುವ ತಿರುವಿನಲ್ಲಿ ಕುಳಿತೆವು. ಇಲ್ಲಿ ಗಂಟೆಗೆ 15 ಮೈಲಿಗಿಂತ ಹೆಚ್ಚು ವೇಗ ಸಲ್ಲದು. ನಡೆಯುವವರೂ ಕುದುರೆಯವರೂ ಇದೇ ದಾರಿಯಲ್ಲಿ ಬರುತ್ತಾರೆ. ಫಿಶರನ 4 ನಿಮಿಷ ಇಂದು ಯಾರಿಗೂ ಬೇಕಿಲ್ಲ, ಬೇಕಾಗಲೂಬಾರದು ಎಂದು ನಮ್ಮ ಅಭಿಪ್ರಾಯ. ಸೊಸೆ ಮಾತಾಡಲಿಲ್ಲ, ಸೆರಗಿಲ್ಲದ ಅಂಗಿಯ ತುದಿಯನ್ನೇ ಬೆರಳಿಗೆ ಸುತ್ತುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಧೂಳು ಕಂಡಿತು. ಮುಂದೆ ತಂದೆ, ಹಿಂದೆ ಮಗ. ಕಡೆಯ ತಿರುವಿನಲ್ಲಿ ಮೇಲೇರಿ ಬರುತ್ತಿದ್ದ ವೃದ್ಧೆಯೊಬ್ಬರಿಗೆ ದಾರಿ ಬಿಡಲು ಹುಡುಗ ಕಲ್ಲುಗಳ ನಡುವೆ ಗಾಲಿ ಜಾರದಂತೆ ನಿಂತ. ಕೆಳಗೆ ಬಂದವನೇ, “ಅಜ್ಜಾ, ಒಂದ ಬೆರಳು!” ಎಂದು ತೋರುಬೆರಳನ್ನು ಎತ್ತಿ ತೋರಿಸಿದ. ನೀರಿನ ಬಾಟಲಿಯಿಂದ ತಟ್ಟೆಯ ಮೇಲೆ ಹನಿಯೊಂದು ಬಿದ್ದು ಚುರ್ ಎಂದು ಹಾರಿಹೋಯಿತು. ಎಳೆದೆಳೆದು ಒತ್ತದೆ, ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬಂದುದರಿಂದ ಹಿಡಿ ಕೊನೆಯವರೆಗೂ ಸಡಿಲಾಗಲಿಲ್ಲ ಎಂದು ತಂದೆ ಹೇಳಿದ. ಸೊಸೆ ಮಗನ ಮೊಣಕೈಗಳೆರಡನ್ನೂ ತಿರುಗಿಸಿ ನೋಡಿ, ಬುತ್ತಿಯ ಗಂಟನ್ನು ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕೈ ತೊಳೆಯದೆ ಸೈಕಲ್ ಮುಟ್ಟಬೇಡ ಎಂದು ಈ ಸಲ ಹೇಳಿದವಳು ಅವಳೇ.